ಎಡಗಡೆ ಬಿದ್ದ ಹೂವು

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಹೊತ್ತು ಹೋಗದಿದ್ದರೆ ಇಬ್ಬರನ್ನು ಕೂರಿಸಿ ವಾದ ಮಾಡಿಸುತ್ತಿದ್ದನಂತೆ.

ಹಿರಿಯಮ್ಮನ ಗುಡಿಯ ಪೂಜಾರಿ ಚೌಡಪ್ಪ ದೇವರು ಇದೆ ಅನ್ನುವವನು. ಮಗ್ಗದ ಬೆಟ್ಟಯ್ಯ ಇಲ್ಲ ಅನ್ನುವವನು. ಮೂರು ದಿನ ಮೂರು ಹೊತ್ತು ವಾದ ನಡೆಯಿತಂತೆ.

"ಇಲ್ಲ ಅಂತ ತೋರ್ಸು. ಆಗ್ದಿದ್ರೆ ಐತೆ" ಅಂದ ಪೂಜಾರಿ.

"ಐತೆ ಅಂತ ತೋರ್ಸು. ಆಗ್ದಿದ್ರೆ ಇಲ್ಲ" ಅಂದ ಬೆಟ್ಟಯ್ಯ.

ಗಾಣದ ಎತ್ತು ಸುತ್ತಿದ ಹಾಗೆ ಅದೇ ಮಾತು. ರಾಜನಿಗೆ ರೇಗಿಹೋಯಿತು. "ಅಮ್ಮನನ್ನೇ ಕೇಳೋಣ. ಸೋತವನ ನಾಲಿಗೆ ಕತ್ತರಿಸಿ" ಅಂದುಬಿಟ್ಟ. ಆಡಿದ ಮಾತಿಗೆ ನಾಲಿಗೆ ಕೊಡಬೇಕೇ? ಊರಿಗೆ ಊರೇ ಬೆಚ್ಚಿಬಿತ್ತು.

ಮದುವೆಗೂ ನ್ಯಾಯಕ್ಕೂ ಹೂವು ಕೇಳುವುದು ಅಲ್ಲಿಯ ವಾಡಿಕೆ. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ.

ರಾಜ ಕೈಮುಗಿದು, "ತಾಯೀ, ನೀನು ಇದ್ದೀಯಾ?" ಅಂತ ಕೇಳಿದ.

ಎಡಗಡೆ ಹೂವು ಬಿತ್ತು.

ನನಗೆ ಈ ಕತೆ ಹೇಳಿದ ಅಜ್ಜಿ ಈ ಮಾತಿಗೆ ಬಂದಾಗ ಪ್ರತಿ ಸಲವೂ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

"ಅಮ್ಮನೇ ಹೇಳಿದ್ಲಲ್ಲ, ತಾನಿಲ್ಲ ಅಂತ" ಬೆಟ್ಟಯ್ಯ ಕುಣಿದ.

ಪೂಜಾರಿ ಬಿಡುತ್ತಾನೆಯೇ? "ಇಲ್ಲ ಅಂದೋಳು ಯಾರಯ್ಯ? ಇಲ್ದೋಳು ಮಾತಾಡ್ತಾಳಾ?"

ರಾಜನಿಗೆ ಅದೇ ಸರಿ ಅನಿಸಿತು. ಭಟರು ಬೆಟ್ಟಯ್ಯನ ದವಡೆ ಹಿಡಿದರು.

ಆಗ ಅವನ ಹೆಂಡತಿ, ಗುಡಿಗೆ ಹೂವು ಕೊಡುವ ಸಣ್ಣತಾಯಿ, ನಡುವೆ ನುಗ್ಗಿದಳು. "ತಡೀರಿ ಬುದ್ಧಿ. ನನ್ನ ಗಂಡ ದಡ್ಡ, ಇಲ್ದೋಳನ್ನ ಸಾಕ್ಷಿಗೆ ಕರೆದ. ಪೂಜಾರಪ್ಪನೋರು ಗೆದ್ದಿದ್ದು ಹೆಂಗೆ? ಅಮ್ಮ ಸುಳ್ಳು ಹೇಳಿದ್ಲು ಅಂತ ಒಪ್ಕೊಂಡು."

ಪೂಜಾರಿ ಕೆನ್ನೆ ಬಡಿದುಕೊಂಡ.

"ಮತ್ತೆ ಹೂವು ಯಾಕೆ ಬಿತ್ತು?" ಅಂದ ರಾಜ.

"ದೀಪ ಇರೋ ಕಡೆ ಕಾವಿಗೆ ನೀರು ಆರ್ತದೆ, ಹೂವು ಉದುರ್ತದೆ. ಅಮ್ಮನ ವಿಷಯ ನಂಗೊತ್ತಿಲ್ಲ ಬುದ್ಧಿ. ಹೂವಿಂದು ಗೊತ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ."

ರಾಜನಿಗೆ ತಮ್ಮನ ನೆನಪಾಯಿತು. "ಹೋದ ವರ್ಷ ನನ್ನ ತಮ್ಮ ಕಾಲು ಹಿಡಿದುಕೊಂಡಿದ್ದ, ನಿನ್ನ ಊಟಕ್ಕೆ ವಿಷ ಹಾಕಿದ್ದು ನಾನಲ್ಲ ಅಣ್ಣ ಅಂತ. ಅವನ ಮಾತು ನಿಜವಾ ಅಂತ ಅಮ್ಮನನ್ನ ಕೇಳಿದೆ. ಎಡಗಡೆ ಬಿತ್ತು. ಕಾಡಿಗೆ ಅಟ್ಟಿದೆ. ಆವತ್ತು ದೀಪ ಯಾವ ಕಡೆ ಇತ್ತಮ್ಮ?"

ಸಣ್ಣತಾಯಿ ಎಡಗಡೆಗೆ ಕೈ ತೋರಿಸಿದಳು.

ರಾಜ ಬರಿಗಾಲಲ್ಲೇ ಕಾಡಿಗೆ ಓಡಿದನಂತೆ. ಏಳು ದಿನ ಹುಡುಕಿ ತಮ್ಮನನ್ನು ಕರೆತಂದನಂತೆ. ಈ ಸಲ ಹೂವನ್ನು ಬಿಟ್ಟು ಅಡುಗೆಯವರನ್ನು ಕೇಳಿ ನಿಜ ತಿಳಿದು, ತಮ್ಮನ ಕಾಲು ತಾನು ಹಿಡಿದನಂತೆ.

ವಾದ ಮಾಡಿದವರ ನಾಲಿಗೆ ಅವರ ಬಾಯಲ್ಲೇ ಉಳಿಯಿತು, ಅವರ ಕತೆ ನಮ್ಮ ನಾಲಿಗೆಗೆ ಬಂತು.