ಪರೀಕ್ಷೆಯ ಕೂಗು

ಕಾಡಿನ ದೊರೆಯಾದ ಆನೆ ಉದ್ದ ಬಾಲದ ಕೋತಿಯಾದ ಮುಸುವನನ್ನು ಕಾವಲಿಗೆ ನೇಮಿಸಿ, "ಆಪತ್ತಿನಲ್ಲಿ ನಿನ್ನ ಕೂಗು ಎಲ್ಲರಿಗೂ ಮುಟ್ಟಬೇಕು. ಹುಲಿ ಬರುವ ಮೊದಲೇ ಒಮ್ಮೆ ಕೂಗಿ ನೋಡು" ಎಂದು ಅಪ್ಪಣೆ ಕೊಟ್ಟಿತು. ಮುಸುವ ನೆಲ್ಲಿಮರದ ತುದಿಗೇರಿ, "ಇದು ಪರೀಕ್ಷೆಯ ಕೂಗು, ಯಾರೂ ಹೆದರಬೇಡಿ!" ಎಂದು ಗಂಟಲು ಹರಿಯುವಂತೆ ಕೂಗಿತು.

ಮೊಲ ಎದ್ದೆನೋ ಬಿದ್ದೆನೋ ಎಂದು ಓಡಿ ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡಿತು. "ನನ್ನ ನಿದ್ದೆ ಹಾಳುಮಾಡಿದೆಯಲ್ಲೋ!" ಎಂದು ಕಾಡುಹಂದಿ ಗದರಿತು. ನವಿಲು ಆ ಕೂಗನ್ನೇ ಅಣಕಿಸಿ, "ಹುಲಿಯೇ ಇಲ್ಲದ ಮೇಲೆ ಈ ಬೊಬ್ಬೆ ಯಾಕೆ?" ಎಂದು ಎಲ್ಲರನ್ನೂ ನಗಿಸಿತು. ಮುಸುವನ ಕಪ್ಪು ಮುಖ ಸಣ್ಣದಾಯಿತು. ಇನ್ನು ಈ ಕೆಲಸವೇ ಬೇಡ ಎಂದುಕೊಂಡು ಅದು ಮರವಿಳಿಯತೊಡಗಿತು.

ಬುಡದಲ್ಲಿ ವಯಸ್ಸಾದ ಜಿಂಕೆಯೊಂದು ತನ್ನ ಮರಿಯೊಡನೆ ಕಾಯುತ್ತಿತ್ತು. "ನೀನು ಕೂಗಿದೆ ಅಂತ ಎಲ್ಲರ ಗಲಾಟೆ ನೋಡಿ ಗೊತ್ತಾಯಿತು, ತಮ್ಮಾ. ನನ್ನ ಕಿವಿ ಹೋಗಿದೆ. ನಾನು ಓಡಿದರೆ ಮಾತ್ರ ಈ ಮರಿ ಓಡುತ್ತದೆ" ಎಂದಿತು.

ಮುಸುವ ಸರಸರನೆ ಮತ್ತೆ ಮರವೇರಿ ಕೂಗಿತು. ಕೂಗುತ್ತಲೇ ಒಂದು ನೆಲ್ಲಿಕಾಯಿಯನ್ನು ಜಿಂಕೆಯ ಬೆನ್ನ ಮೇಲೆ ಉದುರಿಸಿತು. ಜಿಂಕೆ ಬೆಚ್ಚಿ ಮೇಲೆ ನೋಡಿತು. ಮುಸುವನ ತೆರೆದ ಬಾಯಿ ಕಂಡದ್ದೇ ತಡ, ಬಾಲವೆತ್ತಿ ಓಡಿತು. ಮರಿಯೂ ಹಿಂದೆಯೇ ಹಾರಿತು.

"ಮತ್ತೆ ಶುರುವಾಯಿತೇ ನಿನ್ನದು!" ಎಂದು ಕಾಡುಹಂದಿ ಗೊಣಗಿತು.

"ಹೌದು ಮಾವ," ಎಂದಿತು ಮುಸುವ, ಇನ್ನೊಂದು ಕಾಯಿ ಕೀಳುತ್ತಾ. "ಮೊದಲ ಕೂಗು ಒಬ್ಬಾಕೆಗೆ ಮುಟ್ಟಿರಲಿಲ್ಲ."