ಟಿಲ್ಲರ್ ಬಂದ ವರ್ಷ

"ಗುರುಗಳೇ, ಯುವ ರೈತರಿಗೆಂದು ಸರ್ಕಾರ ನೆರವು ಕೊಡುತ್ತಿದೆ. ಒಬ್ಬ ಯುವಕನಿಗೆ ಕೊಟ್ಟರೆ ಊರಿನ ಬದುಕು ಹಸನಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮಾದೇಶನೆಂಬ ಯುವ ರೈತನಿದ್ದ. ತಂದೆ ಇರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ದುಡಿಯಲು ಅವನು ಊರು ಬಿಡುವುದರಲ್ಲಿದ್ದ. ಅಷ್ಟರಲ್ಲಿ ಯುವ ರೈತರ ಯೋಜನೆಯಲ್ಲಿ ಅವನಿಗೊಂದು ಉಳುವ ಯಂತ್ರ, ಟಿಲ್ಲರ್, ಸಿಕ್ಕಿತು. ಅವನು ಊರಲ್ಲೇ ಉಳಿದ. ತನ್ನ ಹೊಲ ಉತ್ತ. ಕರೆದವರ ಹೊಲವನ್ನೂ ಬಾಡಿಗೆಗೆ ಉತ್ತ. ಎತ್ತುಗಳು ದಿನವಿಡೀ ಉಳುವುದನ್ನು ಟಿಲ್ಲರ್ ಬೆಳಗಿನ ಊಟದ ಹೊತ್ತಿಗೆ ಮುಗಿಸುತ್ತಿತ್ತು. ಅವನ ತಾಯಿ ಕಂಡಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು.

ಅದೇ ಊರಿನಲ್ಲಿ ದೊಡ್ಡೀರಯ್ಯನಿದ್ದ. ಅವನಿಗೆ ಹೊಲವಿರಲಿಲ್ಲ. ಒಂದು ಜೊತೆ ಎತ್ತು ಕಟ್ಟಿಕೊಂಡು ಊರವರ ಹೊಲ ಉಳುವುದೇ ಅವನ ಜೀವನ. ಮಾದೇಶನಿಗೆ ನೇಗಿಲು ಹಿಡಿಯಲು ಕಲಿಸಿದವನೂ ಅವನೇ. ಆ ವರ್ಷ ಅವನನ್ನು ಯಾರೂ ಉಳುಮೆಗೆ ಕರೆಯಲಿಲ್ಲ.

ಒಂದು ಬೆಳಿಗ್ಗೆ ದೊಡ್ಡೀರಯ್ಯ ಎತ್ತುಗಳನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೊರಟಿದ್ದ. ದಾರಿಯಲ್ಲಿ ಮಾದೇಶ ಎದುರಾದ. "ಟಿಲ್ಲರ್ ಚೆನ್ನಾಗಿ ಓಡ್ತಿದೆಯೇನಪ್ಪ?" ಎಂದು ದೊಡ್ಡೀರಯ್ಯ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮಾದೇಶ ಅಂದು ನೆಮ್ಮದಿಯಾಗಿ ಉಣ್ಣುತ್ತಿದ್ದ.

ಸಂತೆಯಲ್ಲಿ ವ್ಯಾಪಾರ ಕುದುರಲಿಲ್ಲ. ಎತ್ತುಗಳು ಮನೆಗೆ ಮರಳಿದವು. ಮರುದಿನ ಮಾದೇಶ ದೊಡ್ಡೀರಯ್ಯನ ಮನೆಗೆ ಹೋದ. ಬಾಗಿಲು ಹಾಕಿತ್ತು. ಒಳಗಿನಿಂದ ಅವನ ಹೆಂಡತಿ, "ಅವರು ಯಾರನ್ನೂ ನೋಡೋದಿಲ್ಲವಂತೆ" ಎಂದಳು. ಮಾದೇಶ ಜಗಲಿಯ ಮೇಲೆ ಕುಳಿತ. ಉಳುಮೆಗೆಂದು ಜನ ಅಲ್ಲಿಗೇ ಹುಡುಕಿಕೊಂಡು ಬಂದರೂ ಏಳಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ದೊಡ್ಡೀರಯ್ಯ ಬಾಗಿಲು ತೆರೆದ.

"ನನ್ನನ್ನು ಕೂಲಿಗೆ ಕರೆಯೋಕೆ ಬಂದೆಯಾ?"

"ಕೂಲಿಗಲ್ಲ ಮಾವ, ಪಾಲಿಗೆ. ಟಿಲ್ಲರ್ ಉಳುತ್ತೆ. ಬಿತ್ತೋಕೆ, ಸಾಲಿನ ನಡುವೆ ಕಳೆ ತೆಗೆಯೋಕೆ ನಿಮ್ಮ ಎತ್ತುಗಳೇ ಬೇಕು. ಬಂದದ್ದು ಇಬ್ಬರಿಗೂ ಸಮ."

ದೊಡ್ಡೀರಯ್ಯ ಎತ್ತುಗಳ ಕಡೆ ನೋಡಿದ. ತನ್ನ ಕೈಕೆಳಗೆ ಕಲಿತವನು ಇಂದು ತನಗೆ ದಾರಿ ತೋರಿಸಲು ಬಂದು ನಿಂತಿದ್ದ. ಕೊನೆಗೆ ಟವೆಲು ಹೆಗಲಿಗೆ ಹಾಕಿಕೊಂಡು, "ನಡಿ, ಇವತ್ತು ಯಾರ ಹೊಲ?" ಎಂದ.

ಆ ಹಂಗಾಮಿನಲ್ಲಿ ಅಕ್ಕಪಕ್ಕದ ಊರುಗಳವರೂ ಅವರನ್ನು ಕರೆದರು. ಇಬ್ಬರ ಕೈಗೂ ಮೀರುವಷ್ಟು ಕೆಲಸವಾಯಿತು. ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದ ಊರಿನ ಕೆಲವರು ಮರಳಿ ಬಂದು ಜೊತೆಗೂಡಿದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಸಿಕ್ಕ ನೆರವನ್ನು ಹಂಚಿಕೊಂಡ ಆ ಯುವಕ ದೊಡ್ಡವನು" ಎಂದ.

"ಬಾಗಿಲು ತೆರೆದವನನ್ನು ಮರೆತೆಯಲ್ಲ" ಎಂದರು ಗುರು.