ಮಡಕೆಯ ಮೇಲೆ ಹೊಟ್ಟೆಕಿಚ್ಚುಪಟ್ಟ ಕೈ

ಸಾಕಿದ ಮರಿಹಾವೊಂದು ತನ್ನ ಪೆಟ್ಟಿಗೆಯಲ್ಲಿ ಒಡೆದ ಮಡಕೆಯೊಂದರ ಅಡಿ ಸದಾ ಅಡಗಿರುತ್ತಿತ್ತು. ಸಾಕಿದವನ ಕೈಗೆ ಸಿಟ್ಟು ಬಂತು.

"ಊಟ ಹಾಕುವುದು ನಾನು, ಅದು ನಂಬಿರುವುದು ನಿನ್ನನ್ನು! ನೀನಿರುವ ತನಕ ಅದಕ್ಕೆ ಧೈರ್ಯ ಬರುವುದಿಲ್ಲ" ಎಂದು ಮಡಕೆಯನ್ನು ಎತ್ತಿ ಹೊರಗಿಟ್ಟಿತು.

ಹಾವು ಮೂಲೆಯಲ್ಲಿ ಮುದುಡಿ ಊಟವನ್ನೇ ಬಿಟ್ಟಿತು. ಕೈ ಇಳಿದಾಗಲೆಲ್ಲ ಬುಸುಗುಟ್ಟಿತು. ಸೋತ ಕೈ ಮಡಕೆಯನ್ನೇ ಕೇಳಿತು: "ನನ್ನನ್ನು ಅದು ಏನೆಂದುಕೊಂಡಿದೆ?"

"ಹದ್ದು ಅಂತ. ಮೇಲಿನಿಂದ ಎರಗುವುದು ಹದ್ದೇ ತಾನೇ? ನನ್ನನ್ನು ಒಳಗಿಡು. ನೀನು ಪಕ್ಕದಲ್ಲಿ ಅಂಗಾತ ಮಲಗು. ಅದು ತಾನಾಗಿಯೇ ಬಂದರೂ ಹಿಡಿಯಬೇಡ."

ಕೈ ಹಾಗೆಯೇ ದಿನವೂ ಮಲಗಿತು. ಜೋಮು ಹಿಡಿದರೂ ಅಲುಗಲಿಲ್ಲ. ಕೊನೆಗೊಂದು ದಿನ ಹಾವು ಹೊರಬಂದು, ನಾಲಿಗೆ ಚಾಚಿ ಪರೀಕ್ಷಿಸಿ, ಅಂಗೈ ಏರಿತು.

ಅಷ್ಟರಲ್ಲಿ ಪಕ್ಕಕ್ಕೆ ಒರಗಿಸಿದ್ದ ಪೆಟ್ಟಿಗೆಯ ಮುಚ್ಚಳ ದಢಾರನೆ ಬಿತ್ತು. ಹಾವು ಬೆಚ್ಚಿತು. ಮುಷ್ಟಿ ಕಟ್ಟಬೇಕೆನಿಸಿದರೂ ಕೈ ಕಟ್ಟಲಿಲ್ಲ. ಬೆರಳು ಬಿಡಿಸಿ ಮಡಕೆಯತ್ತ ದಾರಿ ಕೊಟ್ಟಿತು.

ಹಾವು ಆ ದಾರಿ ಹಿಡಿಯಲಿಲ್ಲ. ಸರ್ರನೆ ಅಂಗಿಯ ತೋಳಿನೊಳಗೆ ನುಗ್ಗಿ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಅಯ್ಯೋ, ಮತ್ತೆ ಅಡಗಿತಲ್ಲ!" ಎಂದಿತು ಕೈ.

"ಹೌದು, ಆದರೆ ಈ ಸಲ ನಿನ್ನಲ್ಲಿ" ಎಂದಿತು ಮಡಕೆ.